ದೋನ್ಯಾ ಒಬ್ದೂಲಿಯಾರ ದನಿ ಕತ್ತರಿಸಿದವರು

ಆ ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಬಾಯಿ ಹೊಲಸಾಗುತ್ತದೆ. ಬಸ್ಸಿನ ಎರಡೂ ಪಕ್ಕ ಹಸಿರು ಹಕ್ಕಿಯ ಚಿತ್ರವಿತ್ತು, ಅಷ್ಟು ಸಾಕು. ಆ ಬಸ್ಸನ್ನು ಹದಿನಾಲ್ಕು ವರ್ಷ ಓಡಿಸಿದವನು ನಾನು, ತ್ಲಾಕೊಲೂಲಾದ ಎವಾರಿಸ್ತೊ ಕುಯೆವಾಸ್. ಹನ್ನೊಂದು ದಿನದ ಪ್ರವಾಸ. ರಾಜಧಾನಿಯಿಂದ ಹೊರಟು ಪುಯೆಬ್ಲಾ, ವಾಹಾಕಾ, ಸಾನ್ ಕ್ರಿಸ್ತೋಬಲ್, ಪಲೆಂಕೆ, ಕೊನೆಗೆ ಮೆರಿದಾ. ಜನರನ್ನು ಅಲ್ಲಿ ಇಳಿಸಿ ಖಾಲಿ ಬಸ್ಸಿನಲ್ಲಿ ವಾಪಸು. ಆ ಹದಿನಾಲ್ಕರಲ್ಲಿ ಹನ್ನೆರಡು ವರ್ಷ ನನ್ನ ಪಕ್ಕದ ಮಡಚುವ ಸೀಟಿನಲ್ಲಿ ಮೈಕ್ ಹಿಡಿದು ಕೂತವರು ವಾಹಾಕಾ ಹತ್ತಿರದ ಮಿತ್ಲಾ ಊರಿನ ಗೈಡ್ ಒಬ್ದೂಲಿಯಾ ಒಲಿವೆರಾ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುವವರು. ನನ್ನ ಮಗಳ ದೀಕ್ಷಾಸ್ನಾನದಲ್ಲಿ ಅವರೇ ಧರ್ಮತಾಯಿಯಾಗಿ ನಿಂತರು. ಅಂದಿನಿಂದ ಅವರು ನನಗೆ ಕೊಮಾದ್ರೆ, ನಾನು ಅವರಿಗೆ ಕೊಂಪಾದ್ರೆ. ನಮ್ಮ ಕಡೆ ಈ ನಂಟು ಒಡಹುಟ್ಟಿದವರ ನಂಟಿಗಿಂತ ಗಟ್ಟಿ.

ಕೊಮಾದ್ರೆ ಕುಳ್ಳಗಿನ ಹೆಂಗಸು. ನನ್ನ ಭುಜದವರೆಗೂ ಬರುವುದಿಲ್ಲ. ಎರಡು ಬಿಳಿ ಜಡೆ, ಕೈಯಲ್ಲಿ ತೀರಿಹೋದ ಗಂಡನ ದೊಡ್ಡ ಗಡಿಯಾರ. ದನಿ ಮಾತ್ರ ಆ ಮೈಗೆ ಸಂಬಂಧವೇ ಇಲ್ಲದ್ದು. ಒರಟು, ಸ್ವಲ್ಪ ಒಡಕು, ಆದರೆ ಕೊನೇ ಸೀಟಿನಲ್ಲಿ ತೂಕಡಿಸುವವನನ್ನೂ ಎಬ್ಬಿಸಿ ಕೂರಿಸುವಂಥದ್ದು. ಒಮ್ಮೆ ಕೇಳಿದವರು ಮರೆಯುವ ದನಿಯಲ್ಲ ಅದು.

ಅವರ ಸ್ವಭಾವ ತಿಳಿಯಬೇಕಾದರೆ ಸಾನ್ ಕ್ರಿಸ್ತೋಬಲ್ ಹತ್ತಿರದ ಚಮೂಲಾದಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿನ ಚರ್ಚಿನೊಳಗೆ ಜನ ನೆಲದ ಮೇಲೆ ಪೈನ್ ಎಲೆ ಹರವಿ, ಮೇಣದ ಬತ್ತಿ ಸಾಲಾಗಿ ನಿಲ್ಲಿಸಿ, ತಮ್ಮ ಕಷ್ಟವನ್ನು ಸಂತರ ಹತ್ತಿರ ಹೇಳಿಕೊಳ್ಳುತ್ತಾರೆ. ಫೋಟೊ ತೆಗೆಯುವಂತಿಲ್ಲ. ಮೊಂತೆರ್ರೆಯ್ ಕಡೆಯ ಒಬ್ಬ ದಪ್ಪ ಮನುಷ್ಯ ಟೋಪಿಯೊಳಗೆ ಫೋನು ಬಚ್ಚಿಟ್ಟು ತೆಗೆದ. ಕೊಮಾದ್ರೆ ಅವನ ಮೊಣಕೈ ಹಿಡಿದು ಹೊರಗೆ ಕರೆತಂದರು.

“ಸೆನ್ಯೋರ್, ನಿಮ್ಮಮ್ಮ ಆಸ್ಪತ್ರೇಲಿ ಮಲಗಿರೋವಾಗ ಯಾರೋ ಗೊತ್ತಿಲ್ದೋನು ಬಾಗಿಲಲ್ಲಿ ನಿಂತು ಫೋಟೊ ಹೊಡೆದ್ರೆ ಏನ್ ಮಾಡ್ತೀರಿ?”

“ಅದೇ ಬೇರೆ, ಇದೇ ಬೇರೆ ಮೇಡಂ.”

“ಬೇರೆ ಏನೂ ಇಲ್ಲ. ಆ ಹೆಂಗಸಿನ ಮಗೂಗೆ ಎಂಟು ದಿನದಿಂದ ಜ್ವರ. ಅಳಿಸಿ. ನನ್ನೆದುರಿಗೇ ಅಳಿಸಿ.”

ಅವನು ಅಳಿಸಿದ. ಕಿವಿ ಕೆಂಪಗಾಗಿತ್ತು. ಆದರೆ ಸಂಜೆ ಅವನೇ ನಮ್ಮಿಬ್ಬರಿಗೂ ಕಾಫಿ ತಂದುಕೊಟ್ಟು, “ನಮ್ಮಮ್ಮ ಇದ್ದಿದ್ರೆ ಅವಳೂ ಹೀಗೇ ಬೈತಿದ್ದಳು” ಅಂದ.

ಇಷ್ಟು ಗಟ್ಟಿತನ ಅವರಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ಸಪೊತೆಕ ಜನ ಹಿಂದೆ ಕಟ್ಟಿದ ಮಿತ್ಲಾದ ಅರಮನೆಗಳ ಗೋಡೆಯ ಮೇಲೆ ಕಲ್ಲಿನ ಕುಸುರಿಯಿದೆ. ಬೆರಳುದ್ದ, ಗೇಣುದ್ದದ ಸಾವಿರಾರು ಕಲ್ಲುಗಳು ಗಾರೆಯಿಲ್ಲದೆ ಒಂದನ್ನೊಂದು ಕಚ್ಚಿಕೊಂಡು ನಿಂತಿವೆ. ಅವುಗಳಲ್ಲಿ ಉದುರಿಬಿದ್ದದ್ದನ್ನು ಆಯ್ದು, ಯಾವುದು ಯಾವ ಸಂದಿನದು ಎಂದು ಹುಡುಕಿ ಮತ್ತೆ ಕೂರಿಸುವ ಕೂಲಿಯವರಲ್ಲಿ ಅವರ ಅಪ್ಪ ಕ್ರೆಸೆನ್ಸಿಯೊ ಒಬ್ಬರು. ಓದು ಬರಹ ಬಾರದ ಆ ಮನುಷ್ಯ ಕಲ್ಲನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಜಾಗ ಹೇಳುತ್ತಿದ್ದರಂತೆ. ಮಗಳು ಗೇಟಿನ ಹತ್ತಿರ ಸುಲಿದ ಕಿತ್ತಳೆಗೆ ಖಾರದ ಪುಡಿ ಹಾಕಿ ಮಾರುತ್ತಿದ್ದಳು. ಶಾಲೆಯಲ್ಲಿ ಬಾಯಿತಪ್ಪಿ ಸಪೊತೆಕ ಭಾಷೆಯಲ್ಲಿ ಮಾತಾಡಿದರೆ ಮೇಷ್ಟ್ರು ಬಿಸಿಲಿನಲ್ಲಿ ಕಲ್ಲು ಹಿಡಿದು ನಿಲ್ಲಿಸುತ್ತಿದ್ದರು. ಒಂದು ಸಲ ಅವಳು ನಿಂತಲ್ಲೇ ಕುಸಿದುಬಿದ್ದಳು. ಅಪ್ಪ ಬಂದು ಎತ್ತಿಕೊಂಡು ಹೋದರು. ಮೇಷ್ಟ್ರಿಗೆ ಒಂದು ಮಾತೂ ಆಡಲಿಲ್ಲ. ಆಡಲು ಅವರಿಗೆ ಮೇಷ್ಟ್ರ ಭಾಷೆ ಬರುತ್ತಿರಲಿಲ್ಲ.

“ಅವತ್ತು ಅಪ್ಪ ಸುಮ್ನಿದ್ರಲ್ಲ, ಅದು ನನಗೆ ಏಟಿಗಿಂತ ಜಾಸ್ತಿ ನೋವು ಮಾಡ್ತು ಕೊಂಪಾದ್ರೆ” ಎಂದು ಒಮ್ಮೆ ಪಲೆಂಕೆಯ ದಾರಿಯಲ್ಲಿ ಹೇಳಿದ್ದರು.

ಗಂಡ ಸತ್ತಾಗ ಅವರಿಗೆ ಮೂವತ್ತಮೂರು. ಆಮೇಲೆ ಸಂಜೆ ಶಾಲೆಗೆ ಹೋಗಿ, ಪರೀಕ್ಷೆ ಕಟ್ಟಿ, ನಾಲ್ಕು ವರ್ಷ ಗೇದು, ಸರ್ಕಾರದ ಗೈಡ್ ಬಿಲ್ಲೆ ಪಡೆದರು. ಬಾಯಿ ಪರೀಕ್ಷೆಯಲ್ಲಿ ಒಬ್ಬರು, “ಮಿತ್ಲಾ ಅನ್ನುವ ಹೆಸರು ಹೇಗೆ ಬಂತು?” ಎಂದು ಕೇಳಿದ್ದಕ್ಕೆ, “ಅದು ಹೊರಗಿನೋರು ಇಟ್ಟ ಹೆಸರು. ನಮ್ಮನೇಲಿ ಲ್ಯೊಬಾ ಅಂತೀವಿ, ಸತ್ತೋರು ವಿಶ್ರಾಂತಿ ತಗೊಳೋ ಜಾಗ. ನೀವು ಕೇಳ್ಬೇಕಾದ್ದು ಅದು” ಅಂದರಂತೆ. ಪಾಸು ಮಾಡಿದರು. ಮಾಡದೆ ಏನು ಮಾಡುತ್ತಾರೆ?

ಇಂಥವರನ್ನು ಆ ಕಂಪನಿ ಏನು ಮಾಡಿತು ನೋಡಿ.

ಹನ್ನೆರಡನೇ ವರ್ಷ ರಾಜಧಾನಿಯ ಕಚೇರಿಗೆ ಹೊಸ ಮ್ಯಾನೇಜರ್ ಬಂದ. ಲಿಸೆನ್ಸಿಯಾದೊ ಬರ್ರಾಗಾನ್. ಕಾನೂನು ಓದಿದವನು, ಹಾಗಾಗಿ ಆ ಬಿರುದು. ಕರೆಯದಿದ್ದರೆ ಮುಖ ಸಿಂಡರಿಸುತ್ತಿದ್ದ. ಅವನು ಕೊಮಾದ್ರೆಯನ್ನು ಕೂರಿಸಿ, ಮಾಯೆಸ್ತ್ರಾ ಅಂದರೆ ಗುರುಗಳೇ ಎಂದು ಕರೆದು ತುಂಬ ಮರ್ಯಾದೆಯಿಂದ ಮಾತಾಡಿದ.

“ಮಾಯೆಸ್ತ್ರಾ, ನೀವು ಈ ಕಂಪನಿಯ ಆಸ್ತಿ. ಹೊಸ ಗೈಡ್‌ಗಳು ನಿಮ್ಮಿಂದ ಕಲೀಬೇಕು. ನೀವು ಬಸ್ಸಿನಲ್ಲಿ ಹೇಳೋದನ್ನೆಲ್ಲ ಒಂದ್ಸಲ ರೆಕಾರ್ಡ್ ಮಾಡಿಕೊಡಿ, ತರಬೇತಿಗೆ ಇಟ್ಟುಕೊಳ್ತೀವಿ.”

ಕೊಮಾದ್ರೆಗೆ ಖುಷಿಯಾಯಿತು. ಯಾರಿಗೆ ಆಗುವುದಿಲ್ಲ? ನಾಲ್ಕು ದಿನ ಗಾಜಿನ ಕೋಣೆಯಲ್ಲಿ ಕೂತು, ಜೇನುತುಪ್ಪ ಬೆರೆಸಿದ ಬಿಸಿನೀರು ಕುಡಿಯುತ್ತಾ ಹನ್ನೊಂದು ದಿನದ ಮಾತನ್ನೂ ಹೇಳಿದರು. ಕೊನೆಗೆ ಕಚೇರಿಯವರು ಏಳು ಪುಟದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆರು ವಾರ ಕಳೆಯಿತು. ಒಂದು ಪತ್ರ ಬಂತು. ಸೇವೆ ಇನ್ನು ಅಗತ್ಯವಿಲ್ಲ, ಇಷ್ಟು ವರ್ಷದ ಸಹಕಾರಕ್ಕೆ ವಂದನೆ. ಎರಡೇ ಸಾಲು. ಹನ್ನೆರಡು ವರ್ಷಕ್ಕೆ ಎರಡು ಸಾಲು!

ಮುಂದಿನ ಪ್ರವಾಸಕ್ಕೆ ಜನ ಹತ್ತಿದಾಗ, ಇಳಿದು ನಡೆಯುವಾಗ ಕೇಳಲೆಂದು ಪ್ರತಿಯೊಬ್ಬರ ಕೊರಳಿಗೂ ಒಂದು ಪುಟ್ಟ ಪೆಟ್ಟಿಗೆ ನೇತುಹಾಕಿದರು, ಕಿವಿಗೆ ಇಯರ್‌ಫೋನ್. ಮಡಚುವ ಸೀಟಿನಲ್ಲಿ ಇತ್ಸೆಲ್ ಎಂಬ ಹುಡುಗಿ ಗುಲಾಬಿ ಬಾವುಟ ಹಿಡಿದು ಕೂತಳು. ತಲೆ ಎಣಿಸುವುದು, ಶೌಚಾಲಯ ತೋರಿಸುವುದು, ಹೋಟೆಲಿನ ಕೀಲಿ ಹಂಚುವುದು, ಇಷ್ಟೇ ಅವಳ ಕೆಲಸ. ಪುಯೆಬ್ಲಾ ರಸ್ತೆ ಹಿಡಿದಾಗ ಅವಳು ಒಂದು ಗುಂಡಿ ಒತ್ತಿದಳು. ಬಸ್ಸಿನ ಸ್ಪೀಕರಿನಲ್ಲಿ ಕೊಮಾದ್ರೆ ಮಾತಾಡತೊಡಗಿದರು.

ನನ್ನ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಯಿತು. ಹಿಂದಿನಿಂದ ಲಾರಿಯವನು ಹಾರನ್ ಹೊಡೆದ. ಪಕ್ಕಕ್ಕೆ ತಿರುಗಿ ನೋಡಿದರೆ ಆ ಹುಡುಗಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಾಳೆ.

ಅದನ್ನೂ ಸಹಿಸಬಹುದಿತ್ತೋ ಏನೋ. ಐದನೇ ದಿನ ಮಿತ್ಲಾಕ್ಕೆ ಬಂದೆವು. ಇಲ್ಲಿ ಕೊಮಾದ್ರೆ ಯಾವಾಗಲೂ ಹೇಳುವ ಮಾತು ನನಗೆ ಬಾಯಿಪಾಠ. ಮೊದಲು, ಎದುರಿನ ಚರ್ಚಿನ ಗೋಡೆಗೆ ನಮ್ಮವರ ಅರಮನೆಯ ಕಲ್ಲನ್ನೇ ಕಿತ್ತು ಬಳಸಿದರು ಎಂದು ತೋರಿಸುತ್ತಿದ್ದರು. ಆಮೇಲೆ, “‘ಸಪೊತೆಕರು ಒಂದು ದಿನ ನಿಗೂಢವಾಗಿ ಮಾಯವಾದರು’ ಅಂತ ಪುಸ್ತಕದಲ್ಲಿ ಬರೀತಾರೆ. ಸುಳ್ಳು. ನಾನು ಸಪೊತೆಕಳು. ಈ ಬಸ್ ಓಡಿಸೋರು ಸಪೊತೆಕರು. ಬೆಳಿಗ್ಗೆ ನಿಮಗೆ ಬಿಸಿ ತೊರ್ತಿಯಾ ರೊಟ್ಟಿ ಕೊಟ್ಟ ಹೆಂಗಸು ಸಪೊತೆಕಳು. ನಾವು ಎಲ್ಲಿಗೂ ಹೋಗಿಲ್ಲ” ಎನ್ನುತ್ತಿದ್ದರು. ಜನ ನನ್ನ ಕಡೆ ತಿರುಗುತ್ತಿದ್ದರು. ನಾನು ಕೈ ಎತ್ತುತ್ತಿದ್ದೆ. ನಗು, ಚಪ್ಪಾಳೆ.

ಅವತ್ತು ಸ್ಪೀಕರಿನಲ್ಲಿ ಬಂದದ್ದು ಇಷ್ಟು: “ಸಪೊತೆಕರು ಒಂದು ದಿನ ನಿಗೂಢವಾಗಿ ಮಾಯವಾದರು.” ಕೊಮಾದ್ರೆಯದೇ ದನಿ. ಅಲ್ಲಿಗೆ ನಿಂತು ಕೊಳಲಿನ ಸಂಗೀತ ಶುರುವಾಯಿತು. ಚರ್ಚಿನ ಕಲ್ಲಿನ ಮಾತು ಮೊದಲಿಗೇ ಇರಲಿಲ್ಲ.

ಸ್ಟೀರಿಂಗ್ ಹಿಡಿದಿದ್ದ ನನ್ನ ಎರಡು ಕೈಗಳನ್ನು ನೋಡಿಕೊಂಡೆ. ಮಾಯವಾದವನ ಕೈಗಳು. ಹಿಂದೆ ಒಬ್ಬಾಕೆ, “ಅಯ್ಯೋ ಪಾಪ, ಎಂಥಾ ಜನ ಇದ್ದಿರಬೇಕು” ಎಂದು ನಿಟ್ಟುಸಿರು ಬಿಟ್ಟಳು.

ನಾಚಿಕೆ ಬಿಟ್ಟು ಹೇಳುತ್ತೇನೆ. ನಾನು ಏಳು ವಾರ ಬಾಯಿ ಬಿಡಲಿಲ್ಲ. ಮಗಳನ್ನು ಓದಿಸಬೇಕಿತ್ತು. ನನ್ನ ವಯಸ್ಸಿನ ಡ್ರೈವರನ್ನು ಇನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬ ಭಯ. ಮಿತ್ಲಾದಲ್ಲಿ ಬಸ್ಸು ನಿಲ್ಲಿಸಿದರೂ ಕೊಮಾದ್ರೆಯ ಬೀದಿಯ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ಸಲ ಹೋದಾಗ ಗೇಟಿನ ಕಾವಲುಗಾರ ದೋನ್ ಸಿಲ್ವಿಯಾನೊ ನನ್ನ ತೋಳು ಹಿಡಿದು ನಿಲ್ಲಿಸಿದ. ಅವನ ಅಪ್ಪನೂ ಕೊಮಾದ್ರೆಯ ಅಪ್ಪನೂ ಒಟ್ಟಿಗೆ ಕಲ್ಲು ಕೂರಿಸಿದವರು.

“ಲೋ ಎವಾರಿಸ್ತೊ, ಒಬ್ಬ ಪ್ರವಾಸಿ ನನ್ನ ಕಿವಿಗೆ ಆ ಯಂತ್ರ ಸಿಕ್ಕಿಸಿದ. ಒಬ್ದೂಲಿಯಾ ಹಿಂಗಾ ಮಾತಾಡೋದು? ದುಡ್ಡು ತಿಂದಳಾ? ಊರಲ್ಲೆಲ್ಲ ಅದೇ ಮಾತು.”

ಕೊಮಾದ್ರೆಯ ಕೆಲಸ ಹೋಯಿತು, ದನಿ ಹೋಯಿತು, ಈಗ ಹೆಸರೂ ಹೋಗುತ್ತಿದೆ. ನಾನು ಬಾಯಿ ಹೊಲಿದುಕೊಂಡವನಂತೆ ಬಸ್ಸು ಓಡಿಸಿಕೊಂಡಿದ್ದೇನೆ. ಖಾಲಿ ಬಸ್ಸು ವಾಪಸು ತಂದ ಮೇಲೆ ಒಂದು ಪೆಟ್ಟಿಗೆ ಜೇಬಿಗಿಳಿಸಿ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಅಂಗಳದಲ್ಲಿ ಟರ್ಕಿ ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ನನ್ನನ್ನು ಕಂಡು, “ಓ, ಬಂದ್ರಾ! ದಾರಿ ಮರ್ತೋಗಿತ್ತಾ ಇಷ್ಟು ದಿನ?” ಅಂದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಾನು ಪೆಟ್ಟಿಗೆ ಕೈಗಿಟ್ಟೆ.

ಕೇಳಿದರು. ಕಣ್ಣು ಮುಚ್ಚಿರಲಿಲ್ಲ, ನೇರ ಗೋಡೆ ನೋಡುತ್ತಿದ್ದರು. ಮಿತ್ಲಾದ ಭಾಗ ಬಂದಾಗ ಕೈಯಲ್ಲಿದ್ದ ಕಾಳಿನ ಬಟ್ಟಲು ಓರೆಯಾಗಿ, ಕಾಳೆಲ್ಲ ಸುರಿದು, ಕೋಳಿಗಳು ಕಾಲಿನ ಸುತ್ತ ಮುತ್ತಿಕೊಂಡವು. ಅವರಿಗೆ ಗೊತ್ತಾಗಲಿಲ್ಲ. ಮತ್ತೆ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದರು. ಮೂರನೇ ಸಲವೂ ಕೇಳಿದರು.

“ಎಷ್ಟು ದಿನದಿಂದ?”

“ಏಳು ವಾರ ಕೊಮಾದ್ರೆ.”

“ಏಳು ವಾರ ನನ್ನ ಬಾಯಲ್ಲೇ ನಮ್ಮಪ್ಪನ್ನ ಮಾಯ ಮಾಡ್ಸಿದ್ದಾರೆ. ನೀವು ಕೇಳ್ಕೊಂಡು ಗಾಡಿ ಓಡಿಸ್ತಾ ಇದ್ರಿ.”

“ತಪ್ಪಾಯ್ತು.”

“ತಪ್ಪಾಯ್ತು ಅಂತೆ! ಹೇಡಿ. ಮಗಳಿಗೆ ಧರ್ಮತಾಯಿ ಬೇಕಿತ್ತು, ಆ ಧರ್ಮತಾಯೀನ ಬೀದೀಲಿ ಹರಾಜು ಹಾಕ್ದಾಗ ನಿಮಗೆ ಬಾಯಿ ಬಿದ್ದೋಗಿತ್ತು.” ನಾನು ತಲೆ ತಗ್ಗಿಸಿ ನಿಂತೆ. ಬೈಯಲಿ ಅನ್ನಿಸಿತು. ಬೈದರು ಕೂಡ, ಎರಡೂ ಭಾಷೆಯಲ್ಲಿ. ಆಮೇಲೆ ಒಳಗೆ ಹೋಗಿ ಒಂದು ದೊಡ್ಡ ಸೋರೆಬುರುಡೆ ಬಟ್ಟಲಲ್ಲಿ ತಣ್ಣನೆಯ ತೆಹಾತೆ ಪಾನಕ ತಂದು, “ಕುಡೀರಿ, ಬಿಸಿಲಲ್ಲಿ ಬಂದಿದ್ದೀರಿ” ಅಂದರು. “ಮುಂದಿನ ಗುಂಪು ಯಾವತ್ತು ಬರುತ್ತೆ?”

“ಈ ಬುಧವಾರ ಬಿಟ್ಟು ಮುಂದಿನ ಬುಧವಾರ. ಹನ್ನೊಂದು ಗಂಟೆಗೆ.”

ಆ ಬುಧವಾರ ಹನ್ನೊಂದಕ್ಕೆ ಮೂವತ್ತೊಂದು ಜನ ಇಳಿದರು. ಅರ್ಜೆಂಟೀನಾದವರು, ಕೊಲಂಬಿಯಾದವರು, ನಮ್ಮದೇ ಉತ್ತರದ ಕಡೆಯವರು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಒಬ್ಬರೊಡನೊಬ್ಬರು ಮಾತಿಲ್ಲ. ಇತ್ಸೆಲ್ ಬಾವುಟ ಎತ್ತಿಕೊಂಡು ಮುಂದೆ ನಡೆದಳು. ನಾನು ಬಸ್ಸಿಗೆ ಬೀಗ ಹಾಕಿ ಹಿಂದೆ ಹೊರಟೆ. ಹದಿನಾಲ್ಕು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಬಸ್ಸು ಬಿಟ್ಟು ಹೋದದ್ದು ಅದೇ ಮೊದಲು.

ಆರು ಕಂಬಗಳ ಸಾಲಿನ ಮುಂದೆ ಕೊಮಾದ್ರೆ ನಿಂತಿದ್ದರು. ದಿನಾ ಉಡುವ ನೀಲಿ ಲಂಗ, ಕಪ್ಪು ಶಾಲು, ಕೊರಳಲ್ಲಿ ಸರ್ಕಾರದ ಬಿಲ್ಲೆ. ಗುಂಪು ಹತ್ತಿರ ಬರುವತನಕ ಕಾದರು.

“ಬ್ವೆನೊಸ್ ದಿಯಾಸ್. ನಿಮ್ಮ ಕಿವೀಲಿ ಮಾತಾಡ್ತಿರೋಳು ನಾನೇ.”

ಮೊದಲು ಯಾರಿಗೂ ಕೇಳಿಸಲಿಲ್ಲ. ಅರ್ಜೆಂಟೀನಾದ ದೆಲ್ಫಿನಾ ಎಂಬ ಎತ್ತರದ ಮುದುಕಿ, ನಿವೃತ್ತ ಶಾಲಾ ಟೀಚರ್, ಹುಬ್ಬು ಗಂಟಿಕ್ಕಿ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

“ದೇವರೇ! ಅದೇ ದನಿ! ಸೆನ್ಯೋರಾ, ನೀವು... ನೀವು ಇದ್ದೀರಾ? ನಾನು ಯಾರೋ ನಟಿ ಅಂದ್ಕೊಂಡಿದ್ದೆ.”

“ಇದ್ದೀನಮ್ಮ. ಅದೇ ಈ ಕಂಪನಿಯೋರಿಗೆ ತೊಂದ್ರೆಯಾಗಿರೋದು.”

ಒಬ್ಬೊಬ್ಬರಾಗಿ ಇಯರ್‌ಫೋನ್ ತೆಗೆದರು. ಕೊಮಾದ್ರೆ ಅಳಲಿಲ್ಲ, ಗೋಗರೆಯಲಿಲ್ಲ. ಯಂತ್ರ ಹೇಳಿದ್ದೇನು, ತಾವು ಹೇಳಿದ್ದೇನು, ಎರಡನ್ನೂ ಒಂದರ ಪಕ್ಕ ಒಂದಿಟ್ಟು ತೋರಿಸಿದರು. “ಇಲ್ಲಿಂದ ಇಲ್ಲೀವರೆಗೆ ಕತ್ತರಿಸಿದ್ದಾರೆ. ಮಿಕ್ಕಿರೋ ತುಂಡಿನಲ್ಲಿ ನಾವು ಸತ್ತಿದ್ದೀವಿ” ಅಂದರು. ಆಮೇಲೆ ಗೋಡೆಯ ಹತ್ತಿರ ಕರೆದೊಯ್ದು, ಕೈ ತಾಗಿಸದೆ ಒಂದು ಎತ್ತರದ ಮೂಲೆಯ ಕಡೆ ಬೆರಳು ಮಾಡಿದರು. “ಆ ಮೂರು ಸಾಲು ನಮ್ಮಪ್ಪ ಕೂರಿಸಿದ್ದು. ಹೆಸರು ಕ್ರೆಸೆನ್ಸಿಯೊ ಒಲಿವೆರಾ. ಯಾವ ಫಲಕದಲ್ಲೂ ಇಲ್ಲ, ಅದಕ್ಕೆ ಹೇಳ್ತಿದ್ದೀನಿ.”

ಇತ್ಸೆಲ್ ಬಾವುಟ ಕೆಳಗಿಳಿಸಿ ಕಚೇರಿಗೆ ಫೋನು ಹಚ್ಚಿದ್ದಳು. “ದೋನ್ಯಾ, ಲಿಸೆನ್ಸಿಯಾದೊ ನಿಮ್ಮ ಹತ್ರ ಮಾತಾಡ್ಬೇಕಂತೆ” ಎಂದು ಫೋನು ಮುಂದೆ ಹಿಡಿದಳು. ಸ್ಪೀಕರ್ ಹಾಕಿ ಹಿಡಿದಳು. ಬೇಕೆಂದೇ ಹಾಕಿದಳೋ ಗಾಬರಿಯಲ್ಲಿ ಒತ್ತಿದಳೋ, ನಾನು ಇವತ್ತಿಗೂ ಕೇಳಿಲ್ಲ.

“ಮಾಯೆಸ್ತ್ರಾ, ಏನಿದು ಬೀದಿ ನಾಟಕ? ನಮ್ಮ ಗಿರಾಕಿಗಳಿಗೆ ಕಿರುಕುಳ ಕೊಡ್ತಿದ್ದೀರಿ.”

“ನಿಮ್ಮ ಗಿರಾಕಿಗಳು ಇಲ್ಲೇ ಇದ್ದಾರೆ, ಕೇಳಿಸ್ಕೊಳ್ತಿದ್ದಾರೆ. ಕಿರುಕುಳ ಆಯ್ತಾ ಅಂತ ಅವರನ್ನೇ ಕೇಳಿ. ನನ್ನ ಮಾತು ಯಾಕೆ ಕತ್ತರಿಸಿದ್ರಿ?”

“ಸಮಯ ಉಳಿಸೋಕೆ. ಪ್ರವಾಸಿಗಳಿಗೆ ರಹಸ್ಯ ಇಷ್ಟ, ಮಾಯೆಸ್ತ್ರಾ. ಉಪನ್ಯಾಸ ಇಷ್ಟ ಆಗಲ್ಲ. ಅದೂ ಅಲ್ದೆ ಚರ್ಚಿನ ವಿಷಯ ಕೆಲವರಿಗೆ ನೋವಾಗುತ್ತೆ.”

“ನಮ್ಮನ್ನ ಸಾಯಿಸೋದು ಯಾರಿಗೂ ನೋವಾಗಲ್ವಾ?”

“ಸ್ವಲ್ಪ ಸಮಾಧಾನ. ನೀವು ಸಹಿ ಹಾಕಿದ್ದೀರಿ, ಆರನೇ ಪುಟ ನೋಡಿ. ಆ ದನಿ ಈಗ ನಮ್ಮದು.”

ಬಿಸಿಲಿನಲ್ಲಿ ನಿಂತ ಅಷ್ಟೂ ಜನಕ್ಕೆ ಆ ಮಾತು ಕೇಳಿಸಿತು. ಕೊಲಂಬಿಯಾದ ಒಬ್ಬ ಯುವಕ ಕೊರಳಿನ ಪೆಟ್ಟಿಗೆ ತೆಗೆದು ಇತ್ಸೆಲ್‌ಳ ಕೈಯಲ್ಲಿಟ್ಟ. ದೆಲ್ಫಿನಾ ಕೂಡ ಇಟ್ಟರು. ಆ ಹುಡುಗಿಯ ಕೈ ತುಂಬಿ ಪೆಟ್ಟಿಗೆಗಳು ನೆಲಕ್ಕೆ ಬೀಳತೊಡಗಿದವು. ದೆಲ್ಫಿನಾ ಫೋನಿಗೆ ಬಾಯಿ ಹತ್ತಿರ ತಂದು, “ಯಂಗ್ ಮ್ಯಾನ್, ನಾನು ನಲವತ್ತು ವರ್ಷ ಇತಿಹಾಸ ಪಾಠ ಮಾಡಿದೋಳು. ನಾಚಿಕೆಯಾಗ್ಬೇಕು ನಿಮಗೆ” ಎಂದರು. ಅವತ್ತು ಕೊಮಾದ್ರೆಯೇ ಎರಡು ಗಂಟೆ ಹೊತ್ತು ಎಲ್ಲರನ್ನೂ ಸುತ್ತಾಡಿಸಿದರು. ಚರ್ಚಿನ ಗೋಡೆಯನ್ನೂ ತೋರಿಸಿದರು.

ಮೂರನೇ ದಿನ ನನ್ನ ಕೆಲಸ ಹೋಯಿತು. ಬಸ್ಸನ್ನು ಕಾವಲಿಲ್ಲದೆ ಬಿಟ್ಟದ್ದಕ್ಕೆ. ಕೊಮಾದ್ರೆಯ ಬಿಲ್ಲೆ ಕಿತ್ತುಕೊಳ್ಳಬೇಕೆಂದು ಕಂಪನಿ ದೂರು ಕೊಟ್ಟಿತು. ಅವರು ಸುಮ್ಮನೆ ಕೂರಲಿಲ್ಲ. ಊರ ಸಭೆಯಲ್ಲಿ ಎದ್ದು ನಿಂತು, ದುಡ್ಡು ತಿಂದಳು ಎಂದು ಮಾತಾಡಿದವರೆಲ್ಲರ ಎದುರಿಗೆ ಆ ತುಂಡನ್ನು ಪೆಟ್ಟಿಗೆಯಿಂದ ಕೇಳಿಸಿ, ಪೂರ್ತಿ ಮಾತನ್ನು ತಾವೇ ಹೇಳಿದರು. ದೋನ್ ಸಿಲ್ವಿಯಾನೊ ಎಲ್ಲರೆದುರು ಟೋಪಿ ತೆಗೆದು ಕ್ಷಮೆ ಕೇಳಿದ. ಮಾರುಕಟ್ಟೆಯ ಹೆಂಗಸರು, ಆ ಹಕ್ಕಿಯ ಬಸ್ಸು ಇನ್ನು ನಮ್ಮೂರ ಮೈದಾನದಲ್ಲಿ ನಿಲ್ಲಬಾರದು ಎಂದರು. ಸಭೆ ಒಪ್ಪಿತು.

ಗೈಡ್‌ಗಳ ಸಂಘದ ವಕೀಲೆಯೊಬ್ಬಳು ಆ ಏಳು ಪುಟ ಓದಿ, “ಸಹಿ ಇದೆ, ನಿಜ. ದನಿ ಬಳಸ್ಕೊಳ್ಳಿ ಅಂದಿದ್ದೀರಿ. ನೀವು ಹೇಳದ್ದನ್ನ ನಿಮ್ಮ ಕೈಲಿ ಹೇಳಿಸ್ಲಿ ಅಂತ ಎಲ್ಲೂ ಅಂದಿಲ್ಲ” ಎಂದು ದಾವೆ ಹೂಡಿದಳು. ವಿಚಾರಣೆ ನಾಲ್ಕು ತಿಂಗಳಾದ ಮೇಲೆ ಬಂತು. ನಾನು ಸಾಕ್ಷಿ.

ಲಿಸೆನ್ಸಿಯಾದೊ ತಾನೇ ಬಂದಿದ್ದ. ಇಸ್ತ್ರಿ ಹಾಕಿದ ಅಂಗಿ, ಸುಗಂಧದ ವಾಸನೆ. ವಿಚಾರಣೆ ಅಧಿಕಾರಿ ದಣಿದ ಮುಖದ ಹೆಂಗಸು, ಕಡತಗಳ ಹಿಂದೆ ಅರ್ಧ ಮುಚ್ಚಿಹೋಗಿದ್ದರು.

“ಮೇಡಂ, ಆ ಧ್ವನಿಯಲ್ಲಿ ಪ್ರತಿಯೊಂದು ಪದವೂ ಈಕೆಯದೇ. ಕಂಪನಿ ಒಂದಕ್ಷರ ಕೂಡ ಸೇರಿಸಿಲ್ಲ” ಎಂದು ಅವನು ಎರಡು ಸಲ ಹೇಳಿದ.

ಕೊಮಾದ್ರೆ ಎದ್ದರು. “ಮೇಡಂ, ಅವರು ಬರೆದು ಕೊಟ್ಟಿರೋ ಉತ್ತರ ನಾನೊಂದು ಸಾಲು ಓದಬಹುದಾ?”

ಅಧಿಕಾರಿ ಕಾಗದ ಕೊಟ್ಟರು. ಕಂಪನಿ ತನ್ನ ಉತ್ತರದಲ್ಲಿ ‘ಕಂಪನಿ ತಪ್ಪು ಮಾಡಿದೆ ಎಂಬ ಆರೋಪ ಸಂಪೂರ್ಣ ಸುಳ್ಳು’ ಎಂದು ಬರೆದಿತ್ತು. ಕೊಮಾದ್ರೆ ಕನ್ನಡಕ ಸರಿಮಾಡಿಕೊಂಡು, ಬಸ್ಸಿನ ಕೊನೇ ಸೀಟಿಗೂ ಕೇಳುವ ಆ ದನಿಯಲ್ಲಿ ಓದಿದರು:

“‘ಕಂಪನಿ ತಪ್ಪು ಮಾಡಿದೆ.’” ಕಾಗದ ಮಡಚಿ ಮೇಜಿನ ಮೇಲಿಟ್ಟರು. “ಅವರೇ ಬರೆದಿದ್ದು ಮೇಡಂ. ನಾನು ಒಂದಕ್ಷರ ಕೂಡ ಸೇರಿಸಿಲ್ಲ.”

ಟೈಪು ಮಾಡುತ್ತಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. ಅಧಿಕಾರಿ ನಗಲಿಲ್ಲ. ಕಾಗದವನ್ನು ಬಿಡಿಸಿ ಪೂರ್ತಿ ಓದಿ, ಲಿಸೆನ್ಸಿಯಾದೊನ ಕಡೆ ತಿರುಗಿದರು. “ಅರ್ಥ ಆಯ್ತಾ ನಿಮಗೆ?” ಎಂದಷ್ಟೇ ಕೇಳಿದರು. ಅವನು ಕತ್ತಿನ ಟೈ ಸಡಿಲ ಮಾಡಿಕೊಂಡ.

ಒಂದು ವಾರದಲ್ಲಿ ಆದೇಶ ಬಂತು. ಎಲ್ಲ ಪೆಟ್ಟಿಗೆಗಳಿಂದಲೂ ಆ ದನಿ ಅಳಿಸಬೇಕು, ಕಂಪನಿ ಲಿಖಿತ ಕ್ಷಮೆ ಕೇಳಬೇಕು. ಬಿಲ್ಲೆಯ ಮೇಲಿನ ದೂರು ಬಿದ್ದುಹೋಯಿತು. ಕ್ಷಮಾಪಣೆಯ ಪತ್ರವೂ ಬಂತು, ಇದೂ ಎರಡೇ ಸಾಲು. ಕೊಮಾದ್ರೆ ಅದನ್ನು ಊರ ಸಭೆಯ ಹಲಗೆಗೆ ಅಂಟಿಸಿದರು.

ಗೆದ್ದೆವು ಎನ್ನಬೇಕು. ಆದರೆ ನನ್ನ ಹೊಟ್ಟೆ ತಣ್ಣಗಾಗಿಲ್ಲ. ಕಂಪನಿ ಮಿತ್ಲಾವನ್ನು ಪ್ರವಾಸದ ಪಟ್ಟಿಯಿಂದಲೇ ಕಿತ್ತುಹಾಕಿತು. ‘ಸ್ಥಳೀಯರ ಅಸಹಕಾರ’ ಎಂದು ಕಾರಣ ಕೊಟ್ಟಿದೆಯಂತೆ. ಆ ಎರಡು ಗಂಟೆಯಲ್ಲಿ ಈಗ ಜನರನ್ನು ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಕೂರಿಸಿ ಮೆಸ್ಕಾಲ್ ಸಾರಾಯಿ ಕುಡಿಸುತ್ತಾರೆ. ಬೇರೆ ಯಾರದೋ ದನಿ ಹಾಕಿಕೊಂಡಿದ್ದಾರೆ. ಇತ್ಸೆಲ್ ಆ ಕೆಲಸ ಬಿಟ್ಟಳು. ಹೋಗುವ ಮುನ್ನ ಫೋನು ಮಾಡಿ, ಹೊಸ ದನಿಯೂ ಸಪೊತೆಕರು ಮಾಯವಾದರು ಅಂತಲೇ ಹೇಳುತ್ತೆ ದೋನ್ ಎವಾರಿಸ್ತೊ, ಪಲೆಂಕೆಯಲ್ಲಿ ಮಾಯಾ ಜನರನ್ನೂ ಹಾಗೇ ಮಾಯ ಮಾಡಿದ್ದಾರೆ ಎಂದಳು. ಲಕ್ಷಗಟ್ಟಲೆ ಮಾಯಾ ಜನ ದಿನಬೆಳಗಾದರೆ ಎದ್ದು ಜೋಳ ಬೇಯಿಸುವ ಆ ಸೀಮೆಯಲ್ಲಿ! ಹೋಟೆಲಿನ ಹಾಸಿಗೆ ಹಾಸುವವರು, ಬಸ್ಸು ತೊಳೆಯುವವರು, ಸೂಪು ಬಡಿಸುವವರು ಅದೇ ಜನ. ಅವರ ಕೈಯಿಂದ ತಟ್ಟೆ ಇಸಿದುಕೊಂಡು, ಅಯ್ಯೋ ಪಾಪ ಎಂಥಾ ಜನ ಇದ್ದಿರಬೇಕು ಎಂದು ನಿಟ್ಟುಸಿರು ಬಿಡುವುದನ್ನು ಕಲಿಸುವುದಕ್ಕೆ ಪ್ರವಾಸ ಬೇಕೆ?

ನಾನೀಗ ತ್ಲಾಕೊಲೂಲಾದಿಂದ ಮಿತ್ಲಾಕ್ಕೆ ಷೇರ್ ಟ್ಯಾಕ್ಸಿ ಓಡಿಸುತ್ತೇನೆ. ಕೊಮಾದ್ರೆಗೆ ಈಗ ಅರವತ್ತೊಂದು. ವಾರದ ದಿನಗಳಲ್ಲಿ ಬಂದ ಪ್ರವಾಸಿಗಳನ್ನು ಗೇಟಿನಿಂದ ತಾವೇ ಕರೆದೊಯ್ಯುತ್ತಾರೆ. ಭಾನುವಾರ ನಮ್ಮ ದೇಶದವರಿಗೆ ಟಿಕೆಟ್ ಇಲ್ಲವಲ್ಲ, ಅವತ್ತು ಬೆಟ್ಟದ ಹಳ್ಳಿಗಳಿಂದ ಬಂದವರಿಗೆ ಸಪೊತೆಕದಲ್ಲೇ ಹೇಳುತ್ತಾರೆ. ಅರ್ಜೆಂಟೀನಾದ ದೆಲ್ಫಿನಾ ತಮ್ಮ ಪರಿಚಯದವರನ್ನು ಇವರ ಹೆಸರು ಹೇಳಿ ಕಳಿಸುತ್ತಿರುತ್ತಾರೆ.

ಕಳೆದ ತಿಂಗಳು ಲಿಸೆನ್ಸಿಯಾದೊ ಫೋನು ಮಾಡಿದ್ದನಂತೆ. ಮತ್ತೆ ಬನ್ನಿ, ಖುದ್ದಾಗಿ ಗೈಡ್ ಆಗಿ ಬನ್ನಿ, ಆದರೆ ಮಾತು ನಾವು ಬರೆದುಕೊಟ್ಟದ್ದೇ ಇರಬೇಕು ಎಂದನಂತೆ.

“ಏನಂದ್ರಿ?” ಎಂದು ಒಂದು ಭಾನುವಾರ ಅವರನ್ನು ಟ್ಯಾಕ್ಸಿಯಲ್ಲಿ ಗೇಟಿನ ಹತ್ತಿರ ಬಿಡುತ್ತಾ ಕೇಳಿದೆ.

“ಅವನಮ್ಮನ ಊರು ಯಾವುದು ಅಂತ ಕೇಳ್ದೆ. ಹುಯಿತ್ಸೊ ಹತ್ರ ಅಂದ. ಅಜ್ಜಿ ಯಾವ ಭಾಷೆ ಮಾತಾಡ್ತಿದ್ರಪ್ಪಾ ಅಂದೆ. ಫೋನ್ ಇಟ್ಬಿಟ್ಟ.” ಹುಯಿತ್ಸೊ ನಮ್ಮದೇ ಸೀಮೆ. ಅವನೂ ನಮ್ಮವನೇ. ಕೇಳಿ ನನ್ನ ರಕ್ತ ಮತ್ತೆ ಕುದಿಯಿತು.

“ಈಗಲಾದ್ರೂ ಸಿಟ್ಟು ಇಳೀತಾ ಕೊಮಾದ್ರೆ?”

“ಯಾಕೆ ಇಳೀಬೇಕು?” ಅಂದರು. ಆಮೇಲೆ, ದಾರಿಗಡ್ಡ ಟ್ಯಾಕ್ಸಿ ನಿಲ್ಲಿಸಿದ್ದಕ್ಕೆ ನನ್ನನ್ನೊಮ್ಮೆ ಬೈದು, ಶಾಲು ಹೆಗಲಿಗೆಳೆದುಕೊಂಡು ಕಂಬಗಳ ಕಡೆ ಹತ್ತಿದರು. ಬೆಟ್ಟದ ಮೇಲಿನಿಂದ ಬಂದ ಇಪ್ಪತ್ತು ಜನ ಶಾಲಾ ಶಿಕ್ಷಕಿಯರು ನೆರಳಿನಲ್ಲಿ ಅವರಿಗಾಗಿ ಕಾಯುತ್ತಿದ್ದರು.